ಗಾಳಿಯ ಅಪ್ಪಣೆ ಪಡೆದು ಮಲ್ಪೆಗೆ

ಮಲ್ಪೆಗೆ ನಾನು ಮೊದಲ ಸಲ ಹೋದದ್ದು ಆಷಾಢಮಾಸದಲ್ಲಿ. ಘಟ್ಟದ ಮೇಲಣ ಬಯಲುಸೀಮೆಯಲ್ಲಿ ಹುಟ್ಟಿ, ಕೆರೆಗಿಂತ ವಿಸ್ತಾರವಾದ ಜಲರಾಶಿಯನ್ನು ಕಾಣದೆಯೇ ಬಾಲ್ಯವನ್ನು ಕಳೆದವನಿಗೆ, ಸಮುದ್ರವೆಂಬುದು ವರ್ಷದ ಹನ್ನೆರಡು ತಿಂಗಳೂ ಒಂದೇ ಸಮನಾಗಿ ನಮ್ಮ ಬರವನ್ನು ಕಾದುಕೊಂಡಿರುತ್ತದೆ ಎಂಬ ಭಾವನೆ ಇದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಉಡುಪಿಯಿಂದ ಪಶ್ಚಿಮಕ್ಕೆ ಆರು ಕಿಲೋಮೀಟರಿನಷ್ಟು ದಾರಿಯನ್ನು ಬಸ್ಸಿನಲ್ಲಿ ಸವೆಯಿಸಿ ಇಳಿದಾಗ, ಆಕಾಶವಾವುದು ಕಡಲಾವುದು ಎಂದು ತಿಳಿಯದಂತೆ ಎರಡೂ ಒಂದೇ ಬೂದುಬಣ್ಣದ ಗೋಡೆಯಾಗಿ ನಿಂತಿದ್ದುವು. ಬಂದರಿನಲ್ಲಿ ನೂರಾರು ದೋಣಿಗಳು ಒಂದರ ಮೈಗೊಂದು ತಾಗಿ, ಹಗ್ಗ ಬಿಗಿಸಿಕೊಂಡು, ಮಳೆಯಲ್ಲಿ ನೆನೆಯುತ್ತಿದ್ದುವು. ಎದುರಿನ ಸೇಂಟ್ ಮೇರಿ ದ್ವೀಪಕ್ಕೆ ಹೋಗುವ ದೋಣಿಯ ಟಿಕೇಟು ಕೊಡುವ ಕಟ್ಟೆಯಲ್ಲಿ ಒಬ್ಬ ನರಪ್ರಾಣಿಯೂ ಇರಲಿಲ್ಲ. ಚಪ್ಪರವೊಂದರ ಕೆಳಗೆ ಕಾಲು ಚಾಚಿ, ಹೆಬ್ಬೆರಳಿಗೆ ಬಲೆಯ ತುದಿಯನ್ನು ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಹೆಣೆಯುತ್ತ ಕುಳಿತಿದ್ದ ವೃದ್ಧರೊಬ್ಬರನ್ನು ಕಂಡು, “ಅಜ್ಜ, ದ್ವೀಪಕ್ಕೆ ದೋಣಿ ಯಾವಾಗ ಹೊರಡುತ್ತದೆ?” ಎಂದು ಕೇಳಿದೆನು. ಅವರು ತಲೆಯೆತ್ತದೆಯೇ, “ಅದು ಗಾಳಿ ಹೇಳ್ಬೇಕು ಮಾರಾಯ್ರೆ, ನಮಗೆ ಹೇಳ್ಲಿಕ್ಕೆ ಆಗುವುದಿಲ್ಲ” ಎಂದರು.

ಅಲ್ಲಿಂದೀಚೆಗೆ ಬೇರೆ ಬೇರೆ ಋತುಗಳಲ್ಲಿ ಆ ಊರಿಗೆ ಹೋಗಿಬಂದಿದ್ದೇನೆ. ಮಲ್ಪೆಯನ್ನು ಕುರಿತು ನಾನು ಓದಿದ, ಕೇಳಿದ ಮಾತುಗಳಲ್ಲೆಲ್ಲ ಆ ಅಜ್ಜನ ಮಾತಿನಷ್ಟು ನಿಜವಾದುದು ಇನ್ನೊಂದು ದೊರೆತಿಲ್ಲ. ಅಲ್ಲಿಯ ಬಂದರು, ಬಲೆ, ಅಡುಗೆ, ದೇವರು, ದೈವ, ನಾವು ನೋಡಲೆಂದು ಹೋಗುವ ದ್ವೀಪ, ಇವೆಲ್ಲವೂ ವರ್ಷಕ್ಕೆರಡು ಬಾರಿ ದಿಕ್ಕು ಬದಲಿಸುವ ಒಂದು ಗಾಳಿಯ ಆಜ್ಞೆಗೆ ಒಳಪಟ್ಟಿವೆ. ಪ್ರವಾಸಿಯಾದವನು ಆ ಆಜ್ಞೆಯನ್ನು ತಿಳಿದು ಹೊರಟರೆ ಊರು ತನ್ನ ಮನಸ್ಸನ್ನು ಬಿಚ್ಚಿ ತೋರಿಸುತ್ತದೆ. ತಿಳಿಯದೆ ಹೊರಟವನಿಗೆ ಒಂದು ಮರಳದಂಡೆ, ಒಂದು ಸೂರ್ಯಾಸ್ತ, ಇಷ್ಟೇ ದಕ್ಕುತ್ತದೆ.

ಇಂಥ ಸ್ಥಳದಲ್ಲಿಯೇ ಬಂದರು ಏಕೆ ಬೆಳೆಯಿತೆಂಬುದನ್ನು ದಂಡೆಯ ಮೇಲೆ ನಿಂತೇ ಊಹಿಸಬಹುದು. ಉದ್ಯಾವರದ ಹೊಳೆಯು ನೆಟ್ಟಗೆ ಕಡಲನ್ನು ಸೇರದೆ, ದಂಡೆಗೆ ಸಮಾನಾಂತರವಾಗಿ ಉತ್ತರಾಭಿಮುಖವಾಗಿ ಹರಿದು, ಪಡುಕೆರೆ ಎಂಬ ಕಿರಿದಾದ ಮರಳಿನ ನಾಲಿಗೆಯನ್ನು ತನಗೂ ಕಡಲಿಗೂ ನಡುವೆ ಉಳಿಸಿಕೊಂಡು, ಕಟ್ಟಕಡೆಗೆ ಮಲ್ಪೆಯಲ್ಲಿ ಸಮುದ್ರವನ್ನು ಕೂಡುತ್ತದೆ. ಹೊಳೆಯೂ ಕಡಲೂ ಸೇರುವ ಬಾಯಿಗೆ ಇಲ್ಲಿ ‘ಅಳಿವೆ’ ಎನ್ನುತ್ತಾರೆ. ಅಳಿವೆಯ ಒಳಭಾಗದ ನಿಶ್ಚಲ ಜಲವು ದೋಣಿಗಳಿಗೆ ಸಹಜವಾದ ಆಶ್ರಯಸ್ಥಾನ. ಹೊರಗೆ ಸಾಲಾಗಿ ಬಿದ್ದಿರುವ ಬಂಡೆಗಲ್ಲಿನ ದ್ವೀಪಗಳು ಅಲೆಗಳ ರಭಸವನ್ನು ದೂರದಲ್ಲಿಯೇ ಮುರಿದುಬಿಡುತ್ತವೆ. ಇದೇ ಹೊಳೆಯ ದಡದಲ್ಲಿರುವ ಉದ್ಯಾವರವು ತುಳುನಾಡನ್ನು ಶತಮಾನಗಳ ಕಾಲ ಆಳಿದ ಆಳುಪರ ರಾಜಧಾನಿಯಾಗಿದ್ದಿತು. ಅಳಿವೆಯ ಹೊರಗಣ ದರಿಯಾಬಹಾದ್ದೂರ್‌ಗಡವೆಂಬ ದ್ವೀಪದಲ್ಲಿ ಕೆಳದಿಯ ಅರಸನಾದ ಬಸಪ್ಪನಾಯಕನು ಕಟ್ಟಿಸಿದನೆನ್ನುವ ಕೋಟೆಯ ಅವಶೇಷಗಳಿವೆ. ಈ ಬಾಗಿಲನ್ನು ಕಾಯಬೇಕಾದ ಬಾಗಿಲೆಂದು ಅರಸುಗಳು ಬಹುಕಾಲದ ಹಿಂದೆಯೇ ಬಲ್ಲವರಾಗಿದ್ದರು.

ನನ್ನ ಸಲಹೆಯನ್ನು ಯಾರಾದರೂ ಕೇಳುವುದಾದರೆ, ಮಲ್ಪೆಯನ್ನು ನೋಡಲು ಬಂದವನು ಮೊದಲು ಕಡಲದಂಡೆಗೆ ಹೋಗಬಾರದು. ಮಾರ್ಗಶಿರವೋ ಪುಷ್ಯವೋ ಇರುವ ಒಂದು ದಿನ, ಬೆಳಕು ಹರಿಯುವುದಕ್ಕೆ ಮೊದಲೇ ಎದ್ದು, ಮೀನುಗಾರಿಕಾ ಬಂದರಿನಲ್ಲಿ ಮೀನು ಇಳಿಸುವ ದಕ್ಕೆಗೆ ಹೋಗಬೇಕು. ಕತ್ತಲು ಇನ್ನೂ ಸರಿದಿರುವುದಿಲ್ಲ. ಅಳಿವೆಯ ಕಡೆಯಿಂದ ಒಂದೊಂದೇ ದೀಪವು ತೇಲುತ್ತ ಬಂದು, ಅದರ ಹಿಂದೆ ಯಂತ್ರದ ಗುಡುಗುಡು ಶಬ್ದವು ಸಮೀಪಿಸಿ, ಕಡೆಗೊಮ್ಮೆ ಬಣ್ಣ ಬಳಿದ ದೊಡ್ಡ ಮೂತಿಯೊಂದು ಬೆಳಕಿಗೆ ಬರುತ್ತದೆ. ಅದರ ಮೇಲೆ ದೇವರ ಹೆಸರೋ ದೈವದ ಹೆಸರೋ ಮಗಳ ಹೆಸರೋ ಬರೆದಿರುತ್ತದೆ. ಬೆಳಗ್ಗೆ ಹೋಗಿ ಸಂಜೆಗೆ ಬರುವ ದೋಣಿಗಳಿವೆ. ಮಂಜುಗಡ್ಡೆ, ಅಕ್ಕಿ, ನೀರು, ಎಣ್ಣೆಗಳನ್ನು ತುಂಬಿಕೊಂಡು ಹೊರಟರೆ ಎಂಟು ಹತ್ತು ದಿನಗಳ ತನಕ ದಡವನ್ನು ಕಾಣದೆ, ಮಹಾರಾಷ್ಟ್ರದ ಕಡಲಿನವರೆಗೂ ಹೋಗಿ ಬರುವ ಆಳಸಮುದ್ರದ ಬೋಟುಗಳೂ ಇವೆ. ದೋಣಿಯ ಹೊಣೆ ಹೊತ್ತವನು ತಾಂಡೇಲ. ಅವನ ಕೈಕೆಳಗಿನವರು ಕಲಾಸಿಗಳು. ಹತ್ತು ದಿನಗಳ ಉಪ್ಪನ್ನೂ ನಿದ್ರೆಗೇಡನ್ನೂ ಕಣ್ಣಿನಲ್ಲಿ ಹೊತ್ತು, ಅವರು ಹಲಗೆಯ ಮೇಲೆ ಕಾಲೂರಿ ದಕ್ಕೆಗೆ ದಾಟುವುದನ್ನು ನೋಡಿದವನು ಮೀನಿನ ಬೆಲೆಯನ್ನು ಕುರಿತು ಲಘುವಾಗಿ ಮಾತನಾಡಲಾರನು.

ದೋಣಿಯ ಒಡಲಿನಿಂದ ಬುಟ್ಟಿಗಳು ಮೇಲೇರಿದೊಡನೆ ದಕ್ಕೆಯ ಅಧಿಕಾರವು ಗಂಡಸರ ಕೈಯಿಂದ ಹೆಂಗಸರ ಕೈಗೆ ಹೋಗುತ್ತದೆ. ಏಲಂ ಕೂಗುವವರು, ಕೊಳ್ಳುವವರು, ಜಾತಿಜಾತಿಯಾಗಿ ಬೇರ್ಪಡಿಸುವವರು, ಲೆಕ್ಕವಿಡುವವರು, ಇವರಲ್ಲಿ ಬಹುಮಂದಿ ಹೆಂಗಸರೇ. ಅಂಗೈಯಗಲದ ಮೀನಿನ ರಾಶಿಯ ಸುತ್ತ ನಾಲ್ಕು ಮಾತು, ಒಂದು ತಲೆಯಾಡಿಸುವಿಕೆ, ಅಷ್ಟರಲ್ಲಿ ವ್ಯವಹಾರವು ಮುಗಿದು ಬುಟ್ಟಿಯು ಮುಂದಕ್ಕೆ ಸರಿದಿರುತ್ತದೆ. ಕಣ್ಣರಳಿಸಿ ದಾರಿಯ ನಡುವೆ ನಿಂತಿದ್ದ ನನ್ನನ್ನು ಒಬ್ಬಾಕೆ, “ಸ್ವಲ್ಪ ಬದಿಗೆ ನಿಲ್ಲಿ ಅಣ್ಣಾ, ಬುಟ್ಟಿ ಬರ್ಲಿಕ್ಕುಂಟು” ಎಂದು ಎಚ್ಚರಿಸಿದಳು. ಆಮೇಲೆ, ನಾನು ಬದಿಗೆ ನಿಂತು ನೋಡುತ್ತಲೇ ಇದ್ದುದನ್ನು ಕಂಡು, ಕೇಳದೆಯೇ ಒಂದೊಂದರ ಹೆಸರನ್ನೂ ಹೇಳಿಕೊಟ್ಟಳು. ಬೆನ್ನ ಮೇಲೆ ನೀಲಿಹಸುರಿನ ಅಲೆಗೆರೆಗಳುಳ್ಳದ್ದು ಬಂಗುಡೆ. ಬೆಳ್ಳಿಯ ಸಣ್ಣ ಅಲಗಿನಂತಿರುವುದು ಬೂತಾಯಿ, ಕುಂದಾಪುರದ ಕಡೆಯವರು ಇದನ್ನೇ ಬೈಗೆ ಎನ್ನುವರು. ಚಪ್ಪಟೆಯಾಗಿ ಹೊಳೆಯುವುದು ಮಾಂಜಿ. ಉದ್ದನೆಯ ತೆಳುಮೈಯದು ಕಾಣೆ. ಶ್ರೀಮಂತರ ಮನೆಗೆ ಹೋಗುವ ದೊಡ್ಡ ಮೀನು ಅಂಜಲ್. ಎಳೆಗೆಂಪು ಬಣ್ಣದ ಒಂದಕ್ಕೆ ಮದ್ಮಲ್ ಎಂದು ಹೆಸರು. ತುಳುವಿನಲ್ಲಿ ಹಾಗೆಂದರೆ ಮದುಮಗಳು. ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಬೇಕು.

ಯಂತ್ರದ ದೋಣಿಗಳಿಗಿಂತ ಮೊದಲು ಈ ದಂಡೆಯ ಅನ್ನದಾತೃವಾಗಿದ್ದುದು ರಂಪಣಿ ಬಲೆ. ಈಗ ಅದರ ಚಿಕ್ಕ ರೂಪವಾದ ಕೈರಂಪಣಿಯನ್ನು ಮಾತ್ರ ಅಲ್ಲಲ್ಲಿ ಕಾಣಬಹುದು. ದೊಡ್ಡ ರಂಪಣಿಯನ್ನು ಕಂಡವರು ಊರಿನಲ್ಲಿ ಇನ್ನೂ ಇದ್ದಾರೆ, ಅವರ ಬಾಯಿಂದ ಅದರ ವರ್ಣನೆಯನ್ನು ಕೇಳುವುದು ಒಂದು ಭಾಗ್ಯ. ನೀರಿನ ಬಣ್ಣವು ಕದಡಿದುದನ್ನೂ ಹಕ್ಕಿಗಳು ಎರಗುವುದನ್ನೂ ನೋಡಿ ಮೀನಿನ ಹಿಂಡು ದಡದ ಸಮೀಪಕ್ಕೆ ಬಂದಿದೆಯೆಂದು ಕಾವಲಿನವನು ಸನ್ನೆ ಮಾಡಿದೊಡನೆ, ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ದೋಣಿಯು ಕಡಲಿನೊಳಕ್ಕೆ ಅರ್ಧಚಂದ್ರಾಕಾರವಾಗಿ ಬಲೆಯನ್ನು ಇಳಿಸುತ್ತ ಹೋಗಿ, ಬಹುದೂರದಲ್ಲಿ ಮತ್ತೆ ದಡವನ್ನು ಮುಟ್ಟುವುದು. ಅನಂತರ ಎರಡು ತುದಿಗಳಲ್ಲಿಯೂ ಸೇರಿ ನೂರರಷ್ಟು ಜನರು, ಒಬ್ಬನ ಕೂಗಿಗೆ ಎಲ್ಲರೂ ಓಗೊಡುತ್ತ, ಹಿಮ್ಮಡಿಯನ್ನು ಮರಳಿನಲ್ಲಿ ನೆಟ್ಟು ಎಳೆಯಬೇಕು. ಸಿಕ್ಕ ಮೀನು ಹೆಚ್ಚಾಗಿದ್ದರೆ ಬಲೆಯನ್ನು ನೀರಿನಲ್ಲಿಯೇ ಬೇಲಿಯಂತೆ ನಿಲ್ಲಿಸಿ, ಜೀವಂತವಾಗಿಯೇ ಅವನ್ನು ಕೂಡಿಹಾಕಿ, ದಿನದಿನವೂ ಬೇಕಾದಷ್ಟನ್ನು ತೆಗೆಯುತ್ತಿದ್ದರು. ಬಲೆ ಒಬ್ಬನದಲ್ಲ, ಬಂದುದರಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ಕೊನೆಯ ಭಾಗದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದು, ಹಿಂಡನ್ನು ದಡಕ್ಕೆ ಬರುವ ಮೊದಲೇ ನಡುನೀರಿನಲ್ಲಿ ಸುತ್ತುಗಟ್ಟಿ ಹಿಡಿಯತೊಡಗಿದುವು. ದಡದಲ್ಲಿ ಕಾದವರ ಬಲೆಗೆ ಏನೂ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ರಂಪಣಿಯು ಮಾಯವಾಯಿತು. ಬಂದರಿಗೆ ಐಶ್ವರ್ಯ ಬಂದಿತೆಂಬುದು ನಿಜ; ಮನೆಗಳು ಹೆಂಚಿನಿಂದ ತಾರಸಿಗೆ ಏರಿದುವು, ಮಕ್ಕಳು ಕಾಲೇಜು ಕಂಡರು. ಆದರೂ ನೂರು ಕೈಗಳು ಒಂದು ಹಗ್ಗವನ್ನು ಎಳೆಯುತ್ತಿದ್ದ ಆ ವ್ಯವಸ್ಥೆಯ ಅಳಿವನ್ನು ನೆನೆದಾಗ ನನಗೆ ದುಃಖವಾಗುತ್ತದೆ.

ಕಡಲಿನ ಐಶ್ವರ್ಯಕ್ಕೆ ತೆರಬೇಕಾದ ತೆರಿಗೆಯನ್ನು ಕಡಲೇ ವಸೂಲು ಮಾಡುತ್ತದೆ. 2018ರ ಡಿಸೆಂಬರಿನಲ್ಲಿ ಇದೇ ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಹಿಂದಿರುಗಲಿಲ್ಲ. ತಿಂಗಳುಗಟ್ಟಲೆ ಹುಡುಕಿದ ಮೇಲೆ, 2019ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆಯ ಸಮುದ್ರತಳದಲ್ಲಿ ಅದರ ಅವಶೇಷವು ನೌಕಾಪಡೆಯವರಿಗೆ ದೊರಕಿತು. ಆ ಏಳು ಮಂದಿಯ ಮನೆಗಳಲ್ಲಿ ಆ ಐದು ತಿಂಗಳು ಹೇಗೆ ಕಳೆದಿರಬೇಕೆಂಬುದನ್ನು ವರ್ಣಿಸುವ ಅಧಿಕಾರವು ದಡದಲ್ಲಿ ನಿಂತು ನೋಡುವ ನನಗಿಲ್ಲ.

ನನ್ನನ್ನು ಮೊದಲ ಸಲ ಬರಿಗೈಯಲ್ಲಿ ಕಳುಹಿಸಿದ ಆ ಮಳೆಗಾಲದ ವಿಷಯಕ್ಕೆ ಬರೋಣ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನಗಳ ಕಾಲ, ಪಶ್ಚಿಮ ಕರಾವಳಿಯಲ್ಲಿ ಯಂತ್ರದೋಣಿಗಳು ಮೀನು ಹಿಡಿಯುವಂತಿಲ್ಲ. ನಾಡದೋಣಿಗಳಿಗೆ ಮಾತ್ರ ಈ ನಿಷೇಧದಿಂದ ವಿನಾಯಿತಿಯುಂಟು. ಅವು ದಡದ ಬಳಿಯಲ್ಲಿ, ಅಲೆಗಳ ನಡುವಣ ಅವಕಾಶವನ್ನು ನೋಡಿಕೊಂಡು ಇಳಿಯುತ್ತವೆ. ಈ ನಿಷೇಧವು ಸರಕಾರದ ಕಾಗದದಲ್ಲಿ ಹುಟ್ಟುವುದಕ್ಕೆ ಬಹುಕಾಲ ಮುಂಚೆಯೇ ಗಾಳಿಯು ಅದನ್ನು ಜಾರಿಗೆ ತಂದಿದ್ದಿತು. ನೈಋತ್ಯ ಮಾರುತವು ಬಲವಾಗಿ ಬೀಸುವಾಗ ದಂಡೆಯ ಬಳಿಯ ಮೇಲುನೀರು ಕಡಲಿನೊಳಕ್ಕೆ ಸರಿಯುತ್ತದೆ. ಆ ತೆರಪನ್ನು ತುಂಬಲು ಆಳದ ತಣ್ಣೀರು ಮೇಲೇಳುತ್ತದೆ. ಅದರೊಡನೆ ತಳದಲ್ಲಿ ಸಂಗ್ರಹವಾಗಿದ್ದ ಸಾರವೂ ಬರುತ್ತದೆ. ಘಟ್ಟದಿಂದಿಳಿದ ಹೊಳೆಗಳು ತಮ್ಮ ಮಣ್ಣಿನ ಸಾರವನ್ನು ಅದಕ್ಕೆ ಕೂಡಿಸುತ್ತವೆ. ಈ ಗೊಬ್ಬರದಿಂದ ಕಣ್ಣಿಗೆ ಕಾಣದ ಸೂಕ್ಷ್ಮಸಸ್ಯಗಳು ಕೋಟ್ಯನುಕೋಟಿಯಾಗಿ ಬೆಳೆದು, ಬೂತಾಯಿ ಬಂಗುಡೆಗಳ ಮರಿಗಳಿಗೆ ಆಹಾರವಾಗುತ್ತವೆ. ಬಯಲುಸೀಮೆಯ ರೈತನು ಮುಂಗಾರಿನಲ್ಲಿ ಬಿತ್ತಿ ಸುಗ್ಗಿಯಲ್ಲಿ ಕೊಯ್ಯುವಂತೆಯೇ, ಕಡಲೂ ಮುಂಗಾರಿನಲ್ಲಿ ಬಿತ್ತಿಕೊಳ್ಳುತ್ತದೆ. ಬಿತ್ತನೆಯ ಹೊತ್ತಿನಲ್ಲಿ ಹೊಲಕ್ಕೆ ದನ ನುಗ್ಗಿಸುವವರುಂಟೆ? ನಾನು ಕಂಡ ಆ ನೂರಾರು ದೋಣಿಗಳು ಸುಮ್ಮನೆ ನೆನೆಯುತ್ತ ನಿಂತಿರಲಿಲ್ಲವೆಂಬುದು ಇದನ್ನು ತಿಳಿದ ಮೇಲೆ ನನಗೆ ಹೊಳೆಯಿತು.

ಊರಿನ ದೇವರೂ ಗಾಳಿಯ ಕಥೆಯೊಂದರಿಂದಲೇ ಬಂದವನು. ಹದಿಮೂರನೆಯ ಶತಮಾನದಲ್ಲಿ ಶ್ರೀ ಮಧ್ವಾಚಾರ್ಯರು ಈ ದಂಡೆಯಲ್ಲಿದ್ದಾಗ, ದ್ವಾರಕೆಯಿಂದ ಬಂದ ಹಡಗೊಂದು ಬಿರುಗಾಳಿಗೆ ಸಿಲುಕಿದುದನ್ನು ಕಂಡು, ತಮ್ಮ ಉತ್ತರೀಯವನ್ನು ಬೀಸಿ ಅದನ್ನು ಪಾರುಮಾಡಿದರೆಂದೂ, ಕೃತಜ್ಞನಾದ ನಾವಿಕನು ಏನನ್ನು ಬೇಕಾದರೂ ಕೇಳಿರೆಂದಾಗ ಹಡಗಿನ ಭಾರಕ್ಕೆಂದು ತುಂಬಿದ್ದ ಗೋಪೀಚಂದನದ ಹೆಂಟೆಗಳನ್ನು ಮಾತ್ರ ಕೇಳಿದರೆಂದೂ, ಅವುಗಳೊಳಗೆ ಕೃಷ್ಣ ಬಲರಾಮರ ಮೂರ್ತಿಗಳಿದ್ದುವೆಂದೂ ಐತಿಹ್ಯವಿದೆ. ತಮ್ಮನನ್ನು ಉಡುಪಿಗೆ ಕೊಂಡೊಯ್ದರು. ಅಣ್ಣನು ದಂಡೆಯಲ್ಲಿಯೇ ನಿಂತನು. ವಡಭಾಂಡೇಶ್ವರದ ಗುಡಿಯಲ್ಲಿ ಇಂದಿಗೂ ಕಡಲಿನ ಮೊರೆತವನ್ನು ಕೇಳುತ್ತ ಇರುವವನು ಆ ಬಲರಾಮನೇ. ಉಡುಪಿಗೆ ಬರುವ ಸಾವಿರಾರು ಯಾತ್ರಿಕರಲ್ಲಿ ಅಣ್ಣನನ್ನು ನೋಡಲು ಆರು ಕಿಲೋಮೀಟರ್ ಮುಂದಕ್ಕೆ ಬರುವವರು ಕೆಲವರೇ ಎಂಬುದು ನನಗೆ ಖೇದವನ್ನುಂಟುಮಾಡುವ ಸಂಗತಿ. ಇನ್ನು ಇಲ್ಲಿಯ ಮೀನುಗಾರರಾದ ಮೊಗವೀರರು ದೋಣಿಯನ್ನು ನೀರಿಗಿಳಿಸುವಾಗ ನೆನೆಯುವ ದೈವ ಬೊಬ್ಬರ್ಯ. ತುಳುವಿನ ಹಾಡುಗಥೆಯಾದ ಪಾಡ್ದನದ ಪ್ರಕಾರ ಅವನು ಮುಸಲ್ಮಾನ ವರ್ತಕನ ಮಗ. ಹಡಗಿನ ಮೇಲೆ ಕಾದಾಡಿ ಮಡಿದು ದೈವವಾದವನು. ಕಡಲಿನಲ್ಲಿ ಕೈಹಿಡಿಯುವವನು ಯಾರ ಮಗನೆಂದು ಮೊಗವೀರರು ಕೇಳಿದವರಲ್ಲ.

ಕಾರ್ತಿಕದಿಂದ ವೈಶಾಖದವರೆಗಿನ ದಿನಗಳಲ್ಲಿ, ಕಡಲು ಮಲಗಿದ ಹಸುವಿನಂತೆ ಉಸಿರಾಡುತ್ತಿರುವಾಗ, ದ್ವೀಪಕ್ಕೆ ಹೋಗಬೇಕು. ನಾಲ್ಕು ದ್ವೀಪಗಳ ಸಾಲಿಗೆ ಸೇಂಟ್ ಮೇರಿ ದ್ವೀಪಗಳೆಂಬ ಹೆಸರು ಪುಸ್ತಕದಲ್ಲಿದೆ. ದಂಡೆಯ ಜನರು ತೋನ್ಸೆಪಾರೆಂದೂ ಕರೆಯುತ್ತಾರೆ. ಜನರನ್ನು ಒಯ್ಯುವುದು ತೆಂಗಿನಮರಗಳುಳ್ಳ ದ್ವೀಪಕ್ಕೆ. ಅರ್ಧ ಗಂಟೆಗೂ ಕಡಮೆಯ ಪ್ರಯಾಣ. ದ್ವೀಪವೂ ಬಹು ಚಿಕ್ಕದು: ಉದ್ದ ಅರ್ಧ ಕಿಲೋಮೀಟರಿನಷ್ಟು, ಅಗಲ ಅದರ ಐದನೆಯ ಒಂದು ಪಾಲು. ಅಲ್ಲಿ ಮನೆಯಿಲ್ಲ, ವಾಸಿಸುವವರಿಲ್ಲ. ಸಂಜೆಯಾಗುವುದರೊಳಗೆ ಎಲ್ಲರೂ ಮರಳಬೇಕು. ಮರಳಿಗೆ ಬದಲಾಗಿ ಕಪ್ಪೆಚಿಪ್ಪುಗಳ ಚೂರುಗಳೇ ಕಾಲಿಗೆ ಸಿಗುವ ಒಂದು ಪುಟ್ಟ ದಂಡೆಯನ್ನು ದಾಟಿ ಪಶ್ಚಿಮದ ಬದಿಗೆ ಹೋದರೆ, ಮನುಷ್ಯನು ಕಡೆದು ಜೋಡಿಸಿದುವೋ ಎಂಬಂತೆ, ಒಂದಕ್ಕೊಂದು ಅಂಟಿಕೊಂಡು ನಿಂತಿರುವ ಶಿಲಾಸ್ತಂಭಗಳ ಸಮೂಹವು ಎದುರಾಗುತ್ತದೆ. ಬಹುಪಾಲು ಕಂಬಗಳಿಗೆ ಆರು ಮುಖ. ಕೆಲವಕ್ಕೆ ಐದು, ಕೆಲವಕ್ಕೆ ಏಳು. ಕೆಲವು ಮನುಷ್ಯನ ಎತ್ತರಕ್ಕಿಂತ ಮೂರುಪಟ್ಟು ಏರಿವೆ, ಕೆಲವು ನೀರಿನಂಚಿನಲ್ಲಿ ಸವೆದು ಜೇನುಹುಟ್ಟಿನ ನೆಲಗಟ್ಟಿನಂತೆ ಹರಡಿಕೊಂಡಿವೆ.

ಇವು ಆದ ಬಗೆಯನ್ನು ಅರಿಯಲು ದೊಡ್ಡ ವಿದ್ಯೆ ಬೇಡ. ಬೇಸಗೆಯಲ್ಲಿ ಬತ್ತಿದ ಕೆರೆಯ ಅಂಗಳವನ್ನು ನೆನೆದರೆ ಸಾಕು. ನೀರಾರಿದ ಕೆಸರು ಕುಗ್ಗುವಾಗ ಹೇಗೆ ಬಹುಕೋನಗಳ ಬಿರುಕುಗಳಾಗಿ ಸೀಳುವುದೋ, ಹಾಗೆಯೇ ಭೂಗರ್ಭದಿಂದ ಉಕ್ಕಿದ ಕರಗಿದ ಕಲ್ಲು ಆರುವಾಗ ಸಂಕೋಚಗೊಂಡು ಸೀಳಿತು. ಕೆಸರಿನ ಬಿರುಕು ಒಂದು ಗೇಣು ಇಳಿದು ನಿಲ್ಲುವುದು. ಇಲ್ಲಿ ತಣಿಯುವಿಕೆಯು ಮೇಲಿನಿಂದ ಒಳಕ್ಕೆ ಮೆಲ್ಲಮೆಲ್ಲನೆ ಸಾಗಿದುದರಿಂದ ಬಿರುಕೂ ಅದರ ಬೆನ್ನು ಹತ್ತಿ ಇಳಿಯುತ್ತ ಹೋಗಿ, ನಡುವೆ ಉಳಿದ ಕಲ್ಲು ಕಂಬವಾಯಿತು. ಈ ಘಟನೆಯು ನಡೆದು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳಾದುವೆಂದು ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಉತ್ತರ ಕರ್ನಾಟಕದ ಕರಿಮಣ್ಣಿಗೆ ತಾಯಿಯಾದ ದಖ್ಖಣದ ಲಾವಾ ಹರಿದದ್ದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ. ಅಂದರೆ ಈ ದ್ವೀಪದ ಕಲ್ಲು ಅದಕ್ಕಿಂತಲೂ ಹಿರಿಯದು, ಕುಲವೂ ಬೇರೆ. ಇದೇ ಕಾಲದ ಲಾವಾ ಅರಬ್ಬೀ ಸಮುದ್ರದ ಆಚೆ, ಆಫ್ರಿಕದ ಮಗ್ಗುಲಲ್ಲಿರುವ ಮಡಗಾಸ್ಕರದಲ್ಲಿ ಹೇರಳವಾಗಿದೆ. ಒಂದಾನೊಂದು ಕಾಲಕ್ಕೆ ಮಡಗಾಸ್ಕರವೂ ನಮ್ಮ ಪಶ್ಚಿಮ ಕರಾವಳಿಯೂ ಒಂದಕ್ಕೊಂದು ಅಂಟಿಕೊಂಡಿದ್ದು, ಎರಡೂ ಸೀಳಿ ದೂರವಾಗುತ್ತಿದ್ದ ವೇಳೆಯಲ್ಲಿ ಆ ಸೀಳಿನಿಂದ ಉಕ್ಕಿದ ಬೆಂಕಿಯ ಒಂದು ತುಣುಕು ಮಲ್ಪೆಯ ಎದುರಿಗೆ ಉಳಿದುಕೊಂಡಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೂ ಅದೇ ಗೌರವ ದೊರೆತಿದೆ. ಇಂಥ ಕಂಬದ ಮೇಲೆ ಹೆಸರು ಕೆತ್ತುವವರನ್ನು ಕಂಡಾಗ ನನ್ನ ಹೊಟ್ಟೆ ಉರಿಯುತ್ತದೆ. ಒಂಬತ್ತು ಕೋಟಿ ವರ್ಷಗಳು ಬಾಳಿದ ಕಲ್ಲನ್ನು ಒಂದು ಮೊಳೆಯಿಂದ ಗೀರುವ ಹಕ್ಕು ಯಾರಿಗೂ ಇಲ್ಲ.

ದ್ವೀಪಕ್ಕೆ ಕ್ರೈಸ್ತಮಾತೆಯ ಹೆಸರು ಬಂದುದು 1498ರಲ್ಲಿ, ವಾಸ್ಕೋ ಡ ಗಾಮನಿಂದ. ಅವನು ಕಲ್ಲಿಕೋಟೆಗೆ ಹೋಗುವ ಮುಂಚೆ ಇಲ್ಲಿ ಇಳಿದನೆಂದು ಹೇಳುವವರುಂಟು. ನಿಜವಾಗಿ ಅವನು ಬಂದುದು ಕಲ್ಲಿಕೋಟೆಯಿಂದ ಹಿಂದಿರುಗುವಾಗ. ತನ್ನ ಅರಸನ ಪರವಾಗಿ ಇಲ್ಲೊಂದು ಕಲ್ಲುಕಂಬವನ್ನು ನಿಲ್ಲಿಸಿ ಸಾಂತಾ ಮಾರಿಯಾ ಎಂಬ ಹೆಸರಿಟ್ಟನು. ಕಂಬಗಳ ಕಾಡಿನಂತಿರುವ ದ್ವೀಪಕ್ಕೆ ಅವನು ಇನ್ನೊಂದು ಕಂಬವನ್ನು ತಂದನು! ಇಂದು ಅವನದು ಅಲ್ಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಈ ಕಂಬದ ಕಥೆಗಿಂತ ಹೆಚ್ಚಾಗಿ ಅವನ ಮರುಪ್ರಯಾಣದ ಕಥೆ. ಬರುವಾಗ ಆಫ್ರಿಕದ ಮಾಲಿಂದಿಯಿಂದ, ಈ ಕಡಲನ್ನು ಬಲ್ಲ ಮಾರ್ಗದರ್ಶಕನೊಡನೆ, ಬೆನ್ನಿಗೆ ಗಾಳಿಯನ್ನು ಪಡೆದು ಹೊರಟ ಅವನು ಸುಮಾರು 23 ದಿನಗಳಲ್ಲಿ ಮಲಬಾರಿನ ತೀರವನ್ನು ಮುಟ್ಟಿದ್ದನು. ಹೋಗುವಾಗ ಕಲ್ಲಿಕೋಟೆಯ ಅರಸನಾದ ಸಾಮೂದರಿಯೊಡನೆ ವಿರಸವಾಗಿ, ಗಾಳಿಯು ತಿರುಗುವ ತನಕ ಕಾಯದೆ, ಆಗಸ್ಟ್ ಕೊನೆಯಲ್ಲಿಯೇ ಲಂಗರು ಕಿತ್ತನು. ಕಾರವಾರದ ಬಳಿಯ ಅಂಜದೀವದಿಂದ ಅಕ್ಟೋಬರಿನಲ್ಲಿ ಪಶ್ಚಿಮಕ್ಕೆ ತಿರುಗಿದ ಹಡಗುಗಳು, ಎದುರುಗಾಳಿಯಲ್ಲಿಯೂ ಗಾಳಿಯಿಲ್ಲದ ನೀರಿನಲ್ಲಿಯೂ ತೊಳಲಿ, ಆಫ್ರಿಕದ ತೀರವನ್ನು ಕಂಡುದು 1499ರ ಜನವರಿಯಲ್ಲಿ. ಅಷ್ಟರೊಳಗೆ ಒಸಡು ಕೊಳೆಯುವ ರೋಗದಿಂದ ಮೂವತ್ತರಷ್ಟು ನಾವಿಕರು ಸತ್ತಿದ್ದರು. ನಡೆಸಲು ಜನ ಸಾಲದೆ ಒಂದು ಹಡಗನ್ನು ಅವರೇ ಸುಡಬೇಕಾಯಿತು. ಗಾಳಿಯ ಅಪ್ಪಣೆಯನ್ನು ಮೀರಿದ ಅವನಿಗೆ ಈ ಕಡಲು ಹೀಗೆ ಉತ್ತರ ಕೊಟ್ಟಿತು. ಚಪ್ಪರದ ಕೆಳಗಿನ ಅಜ್ಜನನ್ನು ಕೇಳಿದ್ದರೆ ಅವರು ಇನ್ನೆರಡು ತಿಂಗಳು ತಾಳಿರೆಂದು ಹೇಳುತ್ತಿದ್ದರು.

ಈಜುವ ಆಸೆಯುಳ್ಳವರಿಗೆ ಎರಡು ಮಾತು. ದ್ವೀಪದ ಕಲ್ಲುಗಳ ನಡುವೆ ನೀರಿಗಿಳಿಯಬಾರದು. ಪಾಚಿಯ ಮೇಲೆ ಕಾಲು ಜಾರಿ, ಆಳದ ಸೆಳೆತಕ್ಕೆ ಸಿಕ್ಕಿ ಪ್ರಾಣ ಬಿಟ್ಟವರಿದ್ದಾರೆ. ಮಲ್ಪೆಯ ದಂಡೆಯು ಇಳಿಜಾರು ಕಡಮೆಯಾದ ಸೌಮ್ಯವಾದ ದಂಡೆ, ಆದರೂ ಎಲ್ಲ ದಂಡೆಗಳಲ್ಲಿಯೂ ಇರುವ ಅಪಾಯ ಅಲ್ಲಿಯೂ ಇದೆ. ದಡಕ್ಕೆ ಬಂದ ನೀರು ಕೆಲವೊಮ್ಮೆ ಒಂದೇ ಕಿರಿದಾದ ಕಾಲುವೆಯಾಗಿ ಹಿಂದಕ್ಕೆ ಧಾವಿಸುತ್ತದೆ. ಅಲೆಗಳು ಮುರಿಯದೆ ಶಾಂತವಾಗಿ ಕಾಣುವ ಜಾಗವೇ ಅದು, ಆದ್ದರಿಂದಲೇ ಅರಿಯದವರು ಅಲ್ಲಿಗೆ ಇಳಿಯುತ್ತಾರೆ. ಸಿಕ್ಕಿಕೊಂಡವನು ದಡದ ಕಡೆಗೆ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿದರೆ ಸೆಳೆತದಿಂದ ಹೊರಬರುವನು. ಕಾವಲಿನವರು ಕೆಂಪು ಬಾವುಟವನ್ನು ಏರಿಸಿದ ದಿನ ದಂಡೆಯಲ್ಲಿ ಕುಳಿತು ನೋಡುವುದೇ ಲೇಸು.

ಜನಸಂದಣಿಯನ್ನು ಒಲ್ಲದವರು ಸೇತುವೆ ದಾಟಿ ಪಡುಕೆರೆಗೆ ಹೋಗಬಹುದು. ತೆಂಗಿನ ತೋಪು, ಒಣಗಲು ಹರವಿದ ಬಲೆ, ಮನೆಯಂಗಳದ ಅಂಚಿನಲ್ಲಿಯೇ ಕಡಲು. ಉತ್ತರಕ್ಕೆ ಹೂಡೆಯ ದಾರಿಯಾಗಿ ಕೋಡಿಬೆಂಗ್ರೆಗೆ ಹೋದರೆ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ಒಂದು ರಸ್ತೆಗೂ ಒಂದು ಸಾಲು ಮನೆಗೂ ಸಾಲುವಷ್ಟು ನೆಲ. ಅದು ಮುಗಿದಲ್ಲಿ ಸ್ವರ್ಣಾ ಸೀತಾ ನದಿಗಳು ಜೊತೆಯಾಗಿ ಕಡಲನ್ನು ಸೇರುತ್ತವೆ. ದಕ್ಷಿಣದಲ್ಲಿ ಕಾಪುವಿನ ದೀಪಸ್ತಂಭವಿದೆ. ದಡದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ, 27 ಮೀಟರ್ ಎತ್ತರದ ಆ ಗೋಪುರವನ್ನು ಸಂಜೆ ಹತ್ತಿ ನಿಂತರೆ ತೆಂಗಿನ ತಲೆಗಳ ಹಸುರು ಪಟ್ಟಿಯೂ ನೊರೆಯ ಬಿಳಿಯ ಪಟ್ಟಿಯೂ ಕಣ್ಣು ಹರಿಯುವವರೆಗೆ ಒಂದನ್ನೊಂದು ಬಿಡದೆ ಸಾಗಿರುವುದನ್ನು ಕಾಣಬಹುದು. ಮಳೆಗಾಲ ಕಳೆದ ಕೆಲವು ರಾತ್ರಿಗಳಲ್ಲಿ, ಅದೃಷ್ಟವಿದ್ದರೆ, ಈ ಕರಾವಳಿಯ ಅಲೆಗಳು ಮುರಿಯುವಾಗ ನೀಲಿಯಾಗಿ ಬೆಳಗುವುದುಂಟು. ಕದಲಿಸಿದೊಡನೆ ಬೆಳಕು ಸೂಸುವ ಒಂದು ಬಗೆಯ ಸೂಕ್ಷ್ಮಜೀವಿ ನೀರಿನಲ್ಲಿ ತುಂಬಿರುವುದೇ ಅದಕ್ಕೆ ಕಾರಣ.

ಊಟದ ವಿಷಯವನ್ನು ಬಿಡುವುದು ಅನ್ಯಾಯವಾಗುತ್ತದೆ. ಕುಚ್ಚಲಕ್ಕಿಯ ಅನ್ನ, ತೆಂಗಿನಕಾಯಿಯೊಡನೆ ಒಣಮೆಣಸು ಕೊತ್ತಂಬರಿಗಳನ್ನು ಅರೆದು ಕುದಿಸಿದ ಮೀನಿನ ಗಸಿ, ಹುಣಿಸೆ ಮೆಣಸುಗಳೇ ಪ್ರಧಾನವಾದ ಬಂಗುಡೆಯ ಪುಳಿಮುಂಚಿ, ರವೆಯಲ್ಲಿ ಹೊರಳಿಸಿ ಹುರಿದ ಕಾಣೆ, ಇವು ಅಲ್ಲಿನ ಹೋಟೆಲುಗಳಲ್ಲೆಲ್ಲ ದೊರೆಯುತ್ತವೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಳೆಗಾಲದ ಊಟ. ಬಿಸಿಲುಕಾಲದಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಮೀನನ್ನು ಕೆಂಡದ ಮೇಲೆ ಸುಟ್ಟು, ತೆಂಗಿನಕಾಯಿ ಹುಣಿಸೆಗಳೊಡನೆ ಚಟ್ನಿ ಅರೆದು, ಹೊಗೆಯಾಡುವ ಗಂಜಿಯ ಜೊತೆಗೆ ಬಡಿಸುತ್ತಾರೆ. ಹೊರಗೆ ಸುರಿಯುವ ಮಳೆ ಅಳತೆಗೆ ಸಿಗುವಂಥದಲ್ಲ. ಒಳಗೆ, ಕಡಲು ಬಾಗಿಲು ಮುಚ್ಚಿದ ದಿನಗಳಿಗೆಂದು ಕಡಲಿನಿಂದಲೇ ಕೂಡಿಟ್ಟ ಅನ್ನ.

ಆ ಬಾಗಿಲು ತೆರೆಯುವ ದಿನವನ್ನೂ ಒಮ್ಮೆ ನೋಡಿದೆನು. ನಿಷೇಧದ ಗಡುವು ತೀರಿದ ಮೇಲೆ, ಶ್ರಾವಣದ ಹುಣ್ಣಿಮೆಯ ಸುಮಾರಿಗೆ, ಮೀನುಗಾರರು ಸಮುದ್ರಪೂಜೆಯನ್ನು ಮಾಡುತ್ತಾರೆ. ವಡಭಾಂಡೇಶ್ವರದಲ್ಲಿ ಬಲರಾಮನಿಗೂ, ತಮ್ಮ ಬೊಬ್ಬರ್ಯನಿಗೂ ಪ್ರಾರ್ಥನೆ ಸಲ್ಲಿಸಿ, ದಂಡೆಗೆ ಬಂದು, ಮೊಳಕಾಲುದ್ದ ನೀರಿನಲ್ಲಿ ನಿಂತು ಹಾಲನ್ನೂ ಹೂವನ್ನೂ ತೆಂಗಿನಕಾಯಿಯನ್ನೂ ಕಡಲಿಗೆ ಅರ್ಪಿಸಿದರು. ಎರಗಿದ ಅಲೆಯಲ್ಲಿ ಹಾಲಿನ ಬಿಳಿಯೂ ನೊರೆಯ ಬಿಳಿಯೂ ಬೆರೆತುಹೋದುವು. ಗುಂಪಿನ ಅಂಚಿನಲ್ಲಿ, ಬಲೆ ಹೆಣೆಯುತ್ತಿದ್ದ ಅದೇ ಅಜ್ಜನು ಮುಖವನ್ನು ಪಶ್ಚಿಮಕ್ಕೆ ಮಾಡಿ ನಿಂತಿದ್ದುದನ್ನು ಕಂಡು ಬಳಿಗೆ ಹೋಗಿ, ನನ್ನ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದೆನು. ಅವರು ನನ್ನನ್ನು ಗುರುತಿಸಿದರೋ ಇಲ್ಲವೋ ತಿಳಿಯದು. ಸ್ವಲ್ಪ ಹೊತ್ತು ಗಾಳಿಗೆ ಕೆನ್ನೆಯೊಡ್ಡಿ ಸುಮ್ಮನಿದ್ದು, “ನವರಾತ್ರಿ ಕಳೀಲಿ, ಆ ಮೇಲೆ ಬನ್ನಿ” ಎಂದರು. ದಕ್ಕೆಯ ಕಡೆಯಲ್ಲಿ ಮಂಜುಗಡ್ಡೆಯನ್ನು ದೋಣಿಗೆ ತುಂಬುವ ಸದ್ದು ಆಗಲೇ ಆರಂಭವಾಗಿದ್ದಿತು. ಹೆಂಗಸರು ಎರಡು ತಿಂಗಳಿಂದ ಮೂಲೆ ಹಿಡಿದಿದ್ದ ಬುಟ್ಟಿಗಳನ್ನು ನೀರಿಗೆ ತಂದು ಉಜ್ಜಿ ತೊಳೆಯುತ್ತಿದ್ದರು.